ಗೊರಕೆ ಮಧ್ಯೆ ಉಸಿರು ನಿಂತ್ರೆ ಟೆಸ್ಟ್ ಬೇಕಾ?

ಪ್ರಶ್ನೆ: ನಮ್ಮ ಯಜಮಾನ್ರಿಗೆ 48 ವರ್ಷ, ಬಿಪಿ ಇದೆ. ರಾತ್ರಿ ಜೋರು ಗೊರಕೆ, ಮಧ್ಯೆ ಉಸಿರೇ ನಿಂತು ಆಮೇಲೆ ಏದುಸಿರು ಬಿಡ್ತಾ ಎದ್ಬಿಡ್ತಾರೆ, ಹಗಲು ಬೈಕ್ ಓಡಿಸ್ವಾಗ್ಲೂ ತೂಕಡಿಕೆ. ಡಾಕ್ಟ್ರು ಸ್ಲೀಪ್ ಸ್ಟಡಿ ಮಾಡ್ಸಿ ಅಂದ್ರೆ ಇವ್ರು "ಗೊರಕೆಗೆಲ್ಲ ಟೆಸ್ಟಾ" ಅಂತಾರೆ. ಏನ್ಮಾಡ್ಲಿ?
ಓದುಗರು, ದಾವಣಗೆರೆ

ಉತ್ತರ: ಟೆಸ್ಟ್ ಮಾಡಿಸ್ಲೇಬೇಕಮ್ಮ, ಮುಂದೂಡ್ಬೇಡಿ. ಇವೆಲ್ಲ ಸ್ಲೀಪ್ ಅಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ನಿಂತು ನಿಂತು ಬರೋ ಕಾಯಿಲೆ, ಅದರ ಲಕ್ಷಣಗಳೇ. ನಿದ್ದೇಲಿ ಗಂಟಲಿನ ಸ್ನಾಯು ಸಡಿಲಾಗಿ ಗಾಳಿ ಹೋಗೋ ದಾರಿ ಮುಚ್ಕೊಳ್ಳತ್ತೆ, ಆಕ್ಸಿಜನ್ ಇಳಿಯತ್ತೆ, ಮೆದುಳು ಎಬ್ಬಿಸತ್ತೆ, ರಾತ್ರಿಯಿಡೀ ಹೀಗೇ ಆದ್ರೆ ಬಿಪಿ ಹತೋಟಿಗೆ ಬರೋದೂ ಕಷ್ಟ.

ಟೆಸ್ಟಲ್ಲಿ ನೋವೇನಿಲ್ಲ. ಮೂಗಿನ ಹತ್ರ ಸಣ್ಣ ಟ್ಯೂಬು, ಎದೆಗೆ ಬೆಲ್ಟು, ಬೆರಳಿಗೆ ಕ್ಲಿಪ್ಪು, ಇಷ್ಟು ಹಾಕ್ಕೊಂಡು ಮನೇಲೇ ಮಲಗ್ಬಹುದು. ಲ್ಯಾಬಲ್ಲಾದ್ರೆ ತಲೆಗೂ ವೈರ್ ಅಂಟಿಸ್ತಾರೆ. ಮನೆ ಟೆಸ್ಟಲ್ಲಿ ಏನೂ ಇಲ್ಲ ಅಂತ ಬಂದ್ರೂ ಇಷ್ಟು ಲಕ್ಷಣ ಇರೋರು ಲ್ಯಾಬ್ ಟೆಸ್ಟ್ ಕೇಳಿ. ರಿಪೋರ್ಟಲ್ಲಿ ಎಎಚ್ಐ ನೋಡಿ, ಗಂಟೆಗೆ ಎಷ್ಟು ಸಲ ಉಸಿರು ನಿಂತಿದೆ ಇಲ್ಲಾ ಕಮ್ಮಿಯಾಗಿದೆ ಅನ್ನೋ ಲೆಕ್ಕ ಅದು: 5ರ ಒಳಗೆ ನಾರ್ಮಲ್, 15ರಿಂದ ಮಧ್ಯಮ, 30 ದಾಟಿದ್ರೆ ತೀವ್ರ.

ಜಾಸ್ತಿ ಬಂದ್ರೆ ಸಿಪ್ಯಾಪ್ ಮಷಿನ್ ಕೊಡ್ತಾರೆ, ಮಾಸ್ಕಿಂದ ಗಾಳಿ ಒತ್ತಡ ಕೊಟ್ಟು ದಾರಿ ತೆರೆದಿಡತ್ತೆ. ತುಂಬಾ ಜನ ಶುರುವಲ್ಲೇ ಉಸಿರು ಕಟ್ಟತ್ತೆ ಅಂತ ಕಿತ್ತಿಡ್ತಾರೆ, ಅದೇ ನಂಗೆ ಬೇಜಾರು, ಯಾಕಂದ್ರೆ ಮಾಸ್ಕ್ ಸೈಜ್ ಬದಲಿಸಿದ್ರೆ, ಬಾಯಿ ಒಣಗಿದ್ರೆ ಗಾಳಿಗೆ ತೇವ ಸೇರಿಸೋ ಹ್ಯೂಮಿಡಿಫೈಯರ್ ಹಾಕಿದ್ರೆ ಎಷ್ಟೋ ಜನಕ್ಕೆ ಹೊಂದ್ಕೊಳ್ಳತ್ತೆ. ಹಗಲು ಟಿವಿ ನೋಡ್ತಾ ಹಾಕ್ಕೊಂಡು ರೂಢಿ ಮಾಡ್ಸಿ. ತೂಕ ಇಳಿಸೋದು, ಕುಡಿಯೋದು ಬಿಡೋದು, ಪಕ್ಕಕ್ಕೆ ತಿರುಗಿ ಮಲಗೋದು ಜೊತೆಗಿರ್ಲಿ. ಚಿಕಿತ್ಸೆ ಶುರುವಾಗಿ ತೂಕಡಿಕೆ ಹೋಗೋವರೆಗೂ ದಯವಿಟ್ಟು ಬೈಕ್ ಕೀ ಕೊಡ್ಬೇಡಿ.