ಗಿಡದ ಡಬ್ಲ್ಯುಆರ್‌ಕೆವೈ ಜೀನ್‌ಗಳನ್ನು ಹುಡುಕಲು ಬ್ಲಾಸ್ಟ್ ಒಂದೇ ಸಾಕಾ?

ಸಾಕಾಗುವುದಿಲ್ಲ. ಡಬ್ಲ್ಯುಆರ್‌ಕೆವೈ (WRKY) ಅಂದರೆ ಡಿಎನ್‌ಎಗೆ ಅಂಟಿಕೊಂಡು ಬೇರೆ ಜೀನ್‌ಗಳನ್ನು, ರೋಗಕ್ಕೆ ಸ್ಪಂದಿಸುವಂಥವನ್ನೂ, ನಿಯಂತ್ರಿಸುವ ಪ್ರೋಟೀನ್‌ಗಳ ಕುಟುಂಬ. ಬ್ಲಾಸ್ಟ್ (BLAST) ಅನ್ನುವ ಹುಡುಕುವ ತಂತ್ರಾಂಶ ಒಂದು ಪ್ರೋಟೀನನ್ನು ಇನ್ನೊಂದಕ್ಕೆ ಹೋಲಿಸುತ್ತದೆ, ದೂರದ ನೆಂಟರು ತಪ್ಪಿಹೋಗಬಹುದು. ಪ್ರೋಟೀನ್ ಕುಟುಂಬಗಳ ದತ್ತಾಂಶ ಸಂಗ್ರಹವಾದ ಪಿಫ್ಯಾಮ್‌ನಿಂದ (Pfam) ಇಡೀ ಕುಟುಂಬದ ಮಾದರಿ (ಪಿಎಫ್03106) ತೆಗೆದುಕೊಂಡು, ಇಂಥ ಮಾದರಿಯಿಂದ ಹುಡುಕುವ ಹ್ಯಾಮರ್ (HMMER) ತಂತ್ರಾಂಶದಲ್ಲಿ ಹುಡುಕಿ. ಸಂಶೋಧನೆಯಲ್ಲಿ ಜಾಸ್ತಿ ಬಳಸುವ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲೇ ಇಂಥ ಜೀನ್‌ಗಳು 70ಕ್ಕಿಂತ ಜಾಸ್ತಿ ಇವೆ. ಒಂದೇ ಜೀನ್‌ನ ಬೇರೆ ಬೇರೆ ಸ್ಪ್ಲೈಸ್ ರೂಪಗಳನ್ನು (ಆರ್‌ಎನ್‌ಎಯನ್ನು ಬೇರೆ ಬೇರೆ ರೀತಿ ಕತ್ತರಿಸಿ ಜೋಡಿಸಿದಾಗ ಬರುವ ರೂಪಗಳನ್ನು) ಎರಡೆರಡು ಸಲ ಎಣಿಸಬೇಡಿ.

ಆಮೇಲೆ ಒಂದೊಂದನ್ನೂ ಕಣ್ಣಲ್ಲಿ ನೋಡಲೇಬೇಕು. ಸುಮಾರು 60 ಅಮೈನೋ ಆಮ್ಲಗಳ ಡೊಮೇನ್‌ನಲ್ಲಿ (ಪ್ರೋಟೀನ್‌ನ ಡಿಎನ್‌ಎಗೆ ಅಂಟುವ ಭಾಗದಲ್ಲಿ) ಡಬ್ಲ್ಯು-ಆರ್-ಕೆ-ವೈ-ಜಿ-ಕ್ಯೂ-ಕೆ ಸಾಲು (ಒಂದೊಂದು ಅಕ್ಷರವೂ ಒಂದು ಅಮೈನೋ ಆಮ್ಲ), ಅದರ ನಂತರ ಜಿಂಕ್ ಹಿಡಿಯುವ ಸಿಸ್ಟೀನ್, ಹಿಸ್ಟಿಡಿನ್‌ಗಳು ಇರಬೇಕು. ಕೆಲವದರಲ್ಲಿ ಕ್ಯೂ ಜಾಗದಲ್ಲಿ ಕೆ ಇರುತ್ತದೆ. ಅವನ್ನು ಸುಮ್ನೆ ಎಸೆಯಬೇಡಿ, ಗುರುತು ಹಾಕಿ ಇಟ್ಟುಕೊಳ್ಳಿ. ಅವು ಡಿಎನ್‌ಎಗೆ ಅಂಟುವ ರೀತಿ ಬೇರೆ ಇರಬಹುದು. ವಂಶವೃಕ್ಷ ಕಟ್ಟುವಾಗ ಡೊಮೇನ್ ಭಾಗವನ್ನಷ್ಟೇ ಜೋಡಿಸಿ, ಉಳಿದ ಭಾಗ ತೀರಾ ಬೇರೆ ಬೇರೆ ಇರುತ್ತದೆ.

ಪ್ರಮೋಟರ್ (ಜೀನ್‌ಗೆ ಮುಂಚೆ ಇದ್ದು ಅದನ್ನು ಆನ್-ಆಫ್ ಮಾಡುವ ಡಿಎನ್‌ಎ ಭಾಗ) ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಡಬ್ಲ್ಯುಆರ್‌ಕೆವೈ ಪ್ರೋಟೀನ್‌ಗಳು ಅಂಟುವ ಜಾಗವಾದ ಡಬ್ಲ್ಯು-ಬಾಕ್ಸ್‌ನ ತಿರುಳು ಟಿಟಿಜಿಎಸಿ, ಐದೇ ಅಕ್ಷರ. ಡಿಎನ್‌ಎಯ ನಾಲ್ಕೂ ಅಕ್ಷರಗಳು ಸಮನಾಗಿವೆ ಅಂದುಕೊಂಡರೂ 1,024 ಜಾಗಕ್ಕೊಮ್ಮೆ ಅದು ತಾನಾಗೇ ಸಿಗುತ್ತದೆ. 1,500 ಅಕ್ಷರಗಳ ಪ್ರಮೋಟರ್‌ನ ಎರಡೂ ಎಳೆ ಸೇರಿದರೆ ಸುಮಾರು ಮೂರು! ಅಷ್ಟಕ್ಕೇ ‘ಈ ಜೀನ್ ರೋಗಕ್ಕೆ ಸ್ಪಂದಿಸುತ್ತದೆ’ ಅನ್ನುವುದು ಸರಿಯಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಆರ್‌ಎನ್‌ಎ-ಸೀಕ್ವೆನ್ಸಿಂಗ್ ದತ್ತಾಂಶದಲ್ಲಿ ಸೋಂಕಿನ ನಂತರ ಜೀನ್‌ನ ಮಟ್ಟ ಏರಿದೆಯಾ ಅಂತಲೂ ನೋಡಿ.