ಸೂಜಿ ಮಾಡಿಸಿದ ಮೇಲೂ ಗೊಬ್ಬರ ಎದ್ದಿತು, ಮತ್ತೆ ಯಾಕೆ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಕಡೆ ಗೊಬ್ಬರ ಅಂದರೆ ದಡಾರ, ಹಳೇ ಮೈಸೂರಿನ ಓದುಗರಿಗೆ ತಿಳಿಯಲಿ ಎಂದು ಮೊದಲೇ ಹೇಳಿದೆ. ಪತ್ರದ ಸಾರ ಇಷ್ಟು:

"ಕಳೆದ ಸಂಚಿಕೆಯಲ್ಲಿ ಮಕ್ಕಳ ಲಸಿಕೆ ಬಗ್ಗೆ ಬರೆದಿದ್ದೀರಿ. ನಮ್ಮ ಮೊಮ್ಮಗನಿಗೆ ಒಂಬತ್ತು ತಿಂಗಳು ತುಂಬಿದ ಕೂಡಲೇ ಗೊಬ್ಬರದ ಸೂಜಿ ಮಾಡಿಸಿದೆವು. ಆದರೂ ಒಂದು ವರ್ಷ ಮೂರು ತಿಂಗಳಿಗೆ ಗೊಬ್ಬರ ಎದ್ದಿತು. ಈಗ ಅವನಿಗೆ ಒಂದೂವರೆ ವರ್ಷ. ಎರಡನೇ ಸೂಜಿ ಮಾಡಿಸಿ ಅಂತ ಆಶಾ ಕಾರ್ಯಕರ್ತೆ ಮೂರು ಸಲ ಬಂದು ಹೋದಳು. ಸೊಸೆ ಮಾಡಿಸೋಣ ಅನ್ನುತ್ತಾಳೆ, ನಾನು ಬೇಡ ಅಂದಿದ್ದೇನೆ. ಮೊದಲನೆಯದೇ ಕೆಲಸ ಮಾಡಲಿಲ್ಲ, ಎರಡನೆಯದು ಯಾಕೆ? ನಾವು ಆರು ಜನ ಅಣ್ಣತಮ್ಮ, ಅಕ್ಕತಂಗಿಯರು. ಎಲ್ಲರಿಗೂ ಎದ್ದಿತ್ತು, ಯಾರಿಗೂ ಏನೂ ಆಗಲಿಲ್ಲ. ಒಂದು ಸಲ ಎದ್ದು ಹೋದರೆ ಜನ್ಮಪೂರ್ತಿ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು, ಅದು ಸುಳ್ಳಾ? ರಾಮದುರ್ಗದ ಕೂಸುಗಳನ್ನು ನಿಮ್ಮ ಪತ್ರಿಕೆ ಮರೆತುಬಿಟ್ಟಿತಾ?"

ಅಮ್ಮ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂತು. ಎರಡನೇ ಸಲ ಓದಿದಾಗ ತಪ್ಪು ನಮ್ಮದೇ ಅನ್ನಿಸಿತು. "ಎರಡು ಡೋಸ್ ಹಾಕಿಸಿ" ಎಂದು ಬರೆದೆವು, ಎರಡು ಯಾಕೆ ಎಂದು ಒಂದು ಸಾಲೂ ಬರೆಯಲಿಲ್ಲ. ಕೇಳಿದವರು ನೀವೊಬ್ಬರೇ.

ದಡಾರದ ಲಸಿಕೆಯ ಕಥೆ ಶುರುವಾಗುವುದು ತಾಯಿಯ ಹೊಟ್ಟೆಯಲ್ಲಿ. ಬಸುರಿಯ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಗುವಿಗೆ ಇಳಿಯುತ್ತವೆ. ಅವು ರೋಗದ ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಕಾವಲುಗಾರರು ಇದ್ದ ಹಾಗೆ. ಹುಟ್ಟಿದ ಮೇಲೆ ಕೆಲವು ತಿಂಗಳು ಮಗುವನ್ನು ಕಾಯುತ್ತವೆ, ಆಮೇಲೆ ಸವೆದು ಹೋಗುತ್ತವೆ. ತೊಡಕು ಏನೆಂದರೆ, ದಡಾರದ ಲಸಿಕೆಯಲ್ಲಿ ಇರುವುದೂ ಜೀವಂತ ವೈರಸ್ಸೇ, ಬಲ ಕುಂದಿಸಿದ್ದು. ತಾಯಿ ಕೊಟ್ಟ ಕಾವಲುಗಾರರಿಗೆ ಇದು ಲಸಿಕೆ, ಅದು ರೋಗ ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಹೊಡೆದು ಹಾಕುತ್ತವೆ. ಲಸಿಕೆಯ ವೈರಸ್ ಮೈಯಲ್ಲಿ ಸ್ವಲ್ಪವಾದರೂ ಬೆಳೆಯದಿದ್ದರೆ ಮಗುವಿನ ಮೈ ಪಾಠ ಕಲಿಯುವುದಿಲ್ಲ.

ಹಾಗಾದರೆ ತಡಮಾಡಿ ಹಾಕಬಹುದಲ್ಲ? ಹಾಕಬಹುದು. ಅಮೆರಿಕದಲ್ಲಿ ಒಂದು ವರ್ಷ ತುಂಬಿದ ಮೇಲೆಯೇ ಮೊದಲ ಡೋಸ್. ಆದರೆ ನಮ್ಮಂಥ ಊರುಗಳಲ್ಲಿ ದಡಾರ ಅಲ್ಲಿಯವರೆಗೆ ಕಾಯುವುದಿಲ್ಲ. ವರ್ಷ ತುಂಬದ ಕೂಸುಗಳಿಗೆ ಬಂದರೆ ಜೀವಕ್ಕೇ ಅಪಾಯ. ಅದಕ್ಕೇ 9 ತಿಂಗಳು ಎನ್ನುವುದು ಒಂದು ರಾಜಿ. ಆ ವಯಸ್ಸಿನಲ್ಲಿ ಹಾಕಿದರೆ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಹಿಡಿಯುತ್ತದೆ, 15 ಮಕ್ಕಳಿಗೆ ಹಿಡಿಯುವುದಿಲ್ಲ. ಹಿಡಿಯಿತೋ ಇಲ್ಲವೋ ಹೊರಗಿನಿಂದ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ನಿಮ್ಮ ಮೊಮ್ಮಗ ಆ 15ರಲ್ಲಿ ಒಬ್ಬನಾಗಿರಬಹುದು.

ಎರಡನೇ ಡೋಸ್ ಇರುವುದು ಈ 15 ಮಕ್ಕಳಿಗಾಗಿ. ಹಳೇ ರಕ್ಷಣೆಗೆ ಮೆರುಗು ಕೊಡುವ 'ಬೂಸ್ಟರ್' ಅಂತ ಜನ ತಿಳಿದಿದ್ದಾರೆ, ಕೆಲವು ಡಾಕ್ಟರೂ ಹಾಗೇ ಹೇಳುತ್ತಾರೆ. ಅದು ಅಷ್ಟು ಸರಿಯಲ್ಲ. ಮೊದಲ ಸಲ ನಪಾಸಾದ ಮಕ್ಕಳಿಗೆ ಇದು ಮರುಪರೀಕ್ಷೆ. ಯಾರು ನಪಾಸು ಎಂದು ಗೊತ್ತಿಲ್ಲದ್ದರಿಂದ ಎಲ್ಲರನ್ನೂ ಮತ್ತೆ ಕೂರಿಸುತ್ತಾರೆ. 16ರಿಂದ 24 ತಿಂಗಳ ಹೊತ್ತಿಗೆ ತಾಯಿಯ ಪ್ರತಿಕಾಯ ಪೂರ್ತಿ ಹೋಗಿರುತ್ತದೆ. ಎರಡೂ ಡೋಸ್ ಬಿದ್ದರೆ 100ಕ್ಕೆ ಸುಮಾರು 97 ಮಕ್ಕಳು ಸುರಕ್ಷಿತ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದರಲ್ಲಿ ಎಷ್ಟೋ ಜನ ಜಾರಿ ಬಿದ್ದಿದ್ದಾರೆ. ಒಂದು ಊರಲ್ಲಿ 105 ಮಕ್ಕಳು ಅಂದುಕೊಳ್ಳಿ. 100 ಮಕ್ಕಳಿಗೆ ಒಂದು ಸೂಜಿ ಆಗಿದೆ, 5 ಮಕ್ಕಳಿಗೆ ಆಗಿಲ್ಲ. ದಡಾರ ಊರಿಗೆ ಬಂತು, ರಕ್ಷಣೆ ಇಲ್ಲದವರಿಗೆಲ್ಲ ಎದ್ದಿತು. ಸೂಜಿ ಆದವರಲ್ಲಿ 15, ಆಗದವರಲ್ಲಿ 5. ಈಗ ಕಟ್ಟೆಯ ಮೇಲೆ ಕೂತವರು ಏನನ್ನುತ್ತಾರೆ? "ನೋಡ್ರೀ, ಇಪ್ಪತ್ತರಲ್ಲಿ ಹದಿನೈದು ಸೂಜಿ ಮಾಡಿಸಿಕೊಂಡ ಮಕ್ಕಳೇ!" ಮಾತು ಸುಳ್ಳಲ್ಲ. ಆದರೆ ಸೂಜಿ ಆಗದ ಐದಕ್ಕೆ ಐದೂ ಮಲಗಿದವು, ಆದ ನೂರರಲ್ಲಿ 85 ಅಂಗಳದಲ್ಲಿ ಆಡುತ್ತಿವೆ. ಆಡುವ ಮಕ್ಕಳನ್ನು ಯಾರೂ ಎಣಿಸುವುದಿಲ್ಲ.

ಅಂದ ಹಾಗೆ, ಅವನಿಗೆ ಎದ್ದದ್ದು ಗೊಬ್ಬರವೇ ಎಂದು ಯಾರು ಹೇಳಿದರು? ಪತ್ರದಲ್ಲಿ ಡಾಕ್ಟರ ಮಾತೇ ಇಲ್ಲ. ದಡಾರವಾದರೆ ಮೊದಲು ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು. ಆಮೇಲೆ ಕಿವಿಯ ಹಿಂದೆ, ಮುಖದ ಮೇಲೆ ಗಂಧೆ ಶುರುವಾಗಿ ಕೆಳಕ್ಕೆ ಇಳಿಯುತ್ತದೆ. ಮೈಮೇಲೆ ಕೆಂಪು ಎಬ್ಬಿಸುವ ಬೇರೆ ವೈರಸ್‌ಗಳೂ ಇವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಈ ಲಸಿಕೆ ತಡೆಯಲ್ಲ. ಖಚಿತವಾಗಿ ಹೇಳಬೇಕಾದರೆ ಲ್ಯಾಬ್ ಪರೀಕ್ಷೆಯೇ ಬೇಕು. ಒಂದು ವೇಳೆ ಅದು ದಡಾರವೇ ಆಗಿದ್ದರೂ ಎರಡನೇ ಸೂಜಿಯಿಂದ ಕೆಡುಕಿಲ್ಲ. ಈಗ ಹಾಕುವುದು ಎಂಆರ್ ಲಸಿಕೆ, ಅದರಲ್ಲಿ ರುಬೆಲ್ಲಾದ ರಕ್ಷಣೆಯೂ ಇದೆ. ರುಬೆಲ್ಲಾ ಮಕ್ಕಳಿಗೆ ಸಣ್ಣ ಕಾಯಿಲೆ. ಬಸುರಿಗೆ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು.

ನಿಮ್ಮ ಹಿರಿಯರ ಮಾತಿಗೆ ಬರುತ್ತೇನೆ. ಅದು ಸುಳ್ಳಲ್ಲ. ಅವರ ಮಾತಿಗೆ ಸಾಕ್ಷಿ ದೂರದ ಉತ್ತರ ಅಟ್ಲಾಂಟಿಕ್ ಸಮುದ್ರದ ಫೆರೋ ದ್ವೀಪಗಳಲ್ಲಿದೆ. 1846ರಲ್ಲಿ ಅಲ್ಲಿಗೆ ದಡಾರ ಬಂತು. 7,800ರಷ್ಟು ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಪೀಟರ್ ಪಾನುಮ್ ಎಂಬ ಎಳೆಯ ಡಾಕ್ಟರನ್ನು ಡೆನ್ಮಾರ್ಕ್ ಸರ್ಕಾರ ಅಲ್ಲಿಗೆ ಕಳಿಸಿತು. ಅವನು ಮನೆ ಮನೆ ತಿರುಗಿ ವಿಚಾರಿಸಿದ. ಹಿಂದಿನ ಸಲ ದಡಾರ ಬಂದದ್ದು 1781ರಲ್ಲಿ. ಆಗ ಎದ್ದಿದ್ದ ಮುದುಕರು ಇನ್ನೂ ಬದುಕಿದ್ದರು. 65 ವರ್ಷ ಕಳೆದಿದ್ದರೂ ಅವರಲ್ಲಿ ಒಬ್ಬರಿಗೂ ಮತ್ತೆ ಬರಲಿಲ್ಲ. ಅಂದರೆ ನಿಮ್ಮ ಹಿರಿಯರು ಹೇಳಿದ್ದನ್ನೇ ಪಾನುಮ್ ಬರೆದಿಟ್ಟ.

ಆದರೆ ಆ ರಕ್ಷಣೆಗೆ ದಡಾರ ತೆಗೆದುಕೊಳ್ಳುವ ಬೆಲೆ ಹಿರಿಯರಿಗೂ ಗೊತ್ತಿರಲಿಲ್ಲ, ಪಾನುಮ್‌ಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಮೊನ್ನೆ ಮೊನ್ನೆ. ದಡಾರದ ವೈರಸ್ ನಮ್ಮ ಮೈಯಲ್ಲಿ ಹಳೇ ರೋಗಗಳ ನೆನಪು ಇಟ್ಟುಕೊಂಡಿರುವ ಕಣಗಳಿಗೇ ನುಗ್ಗಿ ಅವನ್ನು ಕೊಲ್ಲುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರ ಬರುವ ಮುಂಚೆ ಮತ್ತು ಬಂದ ಮೇಲೆ ಪರೀಕ್ಷೆ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆ ರೋಗಗಳ ವಿರುದ್ಧ ಆ ಮಕ್ಕಳ ಮೈ ಕೂಡಿಟ್ಟಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿ ಹೋಗಿದ್ದವು. ದಡಾರದ ನೆನಪು ಮಾತ್ರ ಗಟ್ಟಿ, ಉಳಿದ ಪಾಠವೆಲ್ಲ ಮರೆತು ಹೋಗಿದೆ. ಗೊಬ್ಬರ ಎದ್ದು ಹೋದ ಮೇಲೆ ಎಷ್ಟೋ ತಿಂಗಳು ಮಗು ಒಂದಾದ ಮೇಲೊಂದು ಕಾಯಿಲೆ ಬೀಳುವುದನ್ನು ನೀವೂ ನೋಡಿರುತ್ತೀರಿ. ಆಮೇಲೆ ನ್ಯುಮೋನಿಯಾ ಬಂದು ಹೋದರೆ ಅದನ್ನು ಯಾರು ಗೊಬ್ಬರದ ಲೆಕ್ಕಕ್ಕೆ ಬರೆಯುತ್ತಾರೆ?

ನಿಮ್ಮ ಆರು ಜನರಿಗೂ ಏನೂ ಆಗಲಿಲ್ಲ, ಸಂತೋಷ. ನಮ್ಮ ಅಜ್ಜಿಯನ್ನು ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ "ಹೆತ್ತದ್ದಾ, ಉಳಿದದ್ದಾ?" ಎಂದು ತಿರುಗಿ ಕೇಳುತ್ತಿದ್ದಳು. ಹೆತ್ತದ್ದು ಎಂಟು, ಉಳಿದದ್ದು ಐದು. 1963ರಲ್ಲಿ ಲಸಿಕೆ ಬರುವ ಮುಂಚೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ದಡಾರದಿಂದ ಸಾಯುತ್ತಿದ್ದರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

'ಅಮ್ಮ' ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ಬಿಟ್ಟುಕೊಳ್ಳದೆ ಇರುವುದನ್ನು ನಾನು ಆಡಿಕೊಳ್ಳುವವನಲ್ಲ. ಒಬ್ಬರಿಂದ ಹನ್ನೆರಡು, ಹದಿನೆಂಟು ಜನರಿಗೆ ಹರಡುವ ರೋಗಕ್ಕೆ ಮನೆಬಾಗಿಲು ಹಾಕುವುದು ಒಳ್ಳೆಯದೇ. ಆದರೆ ಗಂಧೆ ಕಾಣಿಸುವ ನಾಲ್ಕು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ. ಬೇವು ಕಟ್ಟುವ ಹೊತ್ತಿಗೆ ಪಕ್ಕದ ಮನೆಗೆ ಹೋಗಿ ಆಗಿರುತ್ತದೆ. ಬೇವು ಕಟ್ಟಿ, ಬೇಡ ಅನ್ನುವುದಿಲ್ಲ. ಮಗುವಿಗೆ ಊಟ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸದೆ ಇರಬೇಡಿ. ದಡಾರ ಬಂದ ಮಗುವಿಗೆ ಎರಡು ದಿನ ವಿಟಮಿನ್ ಎ ಕೊಡುತ್ತಾರೆ, ಅದು ಕಣ್ಣನ್ನೂ ಜೀವವನ್ನೂ ಉಳಿಸುತ್ತದೆ.

ರಾಮದುರ್ಗವನ್ನು ಮರೆತಿಲ್ಲ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ಆ ತಾಲ್ಲೂಕಿನಲ್ಲಿ ಎಂಆರ್ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ತೀರಿಕೊಂಡವು. ನಿರ್ಲಕ್ಷ್ಯದ ಆರೋಪದ ಮೇಲೆ ಸಿಬ್ಬಂದಿ ಅಮಾನತಾದರು. ಆ ತಾಯಂದಿರ ಮುಂದೆ ಲಕ್ಷಕ್ಕೆ ಒಂದು, ಕೋಟಿಗೆ ಒಂದು ಎಂಬ ಲೆಕ್ಕ ಒಪ್ಪಿಸಲು ನನಗೆ ಬಾಯಿ ಬರುವುದಿಲ್ಲ. ಆದರೆ ಇಂಥದ್ದೇ ಸಾವುಗಳ ನಂತರ ಒಂದು ದೇಶದಲ್ಲಿ ಏನಾಯಿತು ಎನ್ನುವುದನ್ನು ಹೇಳಲೇಬೇಕು.

ಈ ಲಸಿಕೆ ಬರುವುದು ಪುಡಿಯ ರೂಪದಲ್ಲಿ. ಅದಕ್ಕೆಂದೇ ಕೊಟ್ಟ ನೀರಿನಲ್ಲಿ ಕಲಸಿ ಸಿರಿಂಜಿಗೆ ಎಳೆಯಬೇಕು. ಪೆಸಿಫಿಕ್ ಸಮುದ್ರದ ಸಮೋವಾ ದೇಶದಲ್ಲಿ 2018ರ ಜುಲೈನಲ್ಲಿ ನರ್ಸ್‌ಗಳು ನೀರಿನ ಬದಲು ಅವಧಿ ಮುಗಿದ ಅರಿವಳಿಕೆಯ ಔಷಧಿಯಲ್ಲಿ ಪುಡಿ ಕಲಸಿಬಿಟ್ಟರು. ಎರಡು ಕೂಸುಗಳು ಸತ್ತವು. ನರ್ಸ್‌ಗಳು ಜೈಲಿಗೆ ಹೋದರು. ಸರ್ಕಾರ ಲಸಿಕೆಯನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. ಮತ್ತೆ ಶುರುಮಾಡಿದಾಗ ತಾಯಂದಿರು ಬರಲಿಲ್ಲ. ತಪ್ಪು ಕಲಸಿದ ಕೈಯದು, ಹೆದರಿದ್ದು ಪುಡಿಗೆ. ಮುಂದಿನ ವರ್ಷ ದಡಾರ ಬಂತು. ಎರಡು ಲಕ್ಷ ಜನರ ಪುಟ್ಟ ದೇಶದಲ್ಲಿ 5,700 ಜನಕ್ಕೆ ಎದ್ದಿತು, 83 ಮಂದಿ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. 2019ರ ಡಿಸೆಂಬರ್ 5 ಮತ್ತು 6ರಂದು ಇಡೀ ದೇಶವನ್ನೇ ಬಂದ್ ಮಾಡಿದರು. ಲಸಿಕೆ ಆಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಸರ್ಕಾರ ಹೇಳಿತು. ನರ್ಸ್‌ಗಳು ಕೆಂಪು ಬಟ್ಟೆ ನೋಡಿಕೊಂಡು ಮನೆ ಮನೆಗೆ ಹೋದರು. ಅದನ್ನು ಓದಿದಾಗ ನನಗೆ ನಮ್ಮ ಬೇವಿನ ಸೊಪ್ಪೇ ನೆನಪಾಯಿತು.

ಹೆದರಿಕೆ ಬೇಡ ಅನ್ನುವುದಿಲ್ಲ ಅಮ್ಮ. ಆದರೆ ಹೆದರಿಕೊಂಡು ಮನೆಯಲ್ಲಿ ಕೂರುವ ಬದಲು ಸೊಸೆಯ ಜೊತೆ ನೀವೂ ಹೋಗಿ. ತಾಯಿ ಕಾರ್ಡ್ ತೆಗೆದುಕೊಳ್ಳಿ. ಎಂಆರ್ ಬಾಟಲಿಯನ್ನು ಕಲಸಿದ ಮೇಲೆ ತಣ್ಣಗೆ ಇಡಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ತೆರೆದ ಹೊತ್ತನ್ನು ಬಾಟಲಿಯ ಮೇಲೆ ಬರೆದಿರಬೇಕು. "ಎಷ್ಟೊತ್ತಿಗೆ ತೆರೆದಿರಿ ಸಿಸ್ಟರ್?" ಎಂದು ಕೇಳಿ. ನಾಲ್ಕೈದು ಮಕ್ಕಳು ಸೇರುವ ತನಕ ಕಾಯಿಸಿದರೆ ಬೇಜಾರಾಗಬೇಡಿ, ಒಂದು ಬಾಟಲಿಯಲ್ಲಿ ಐದೋ ಹತ್ತೋ ಡೋಸ್ ಇರುತ್ತದೆ, ಸುಮ್ನೆ ಹಾಳಾಗಬಾರದಲ್ವಾ? ಪ್ರತಿ ಮಗುವಿಗೂ ಹೊಸ ಸಿರಿಂಜ್ ಒಡೆಯುವುದನ್ನು ಕಣ್ಣಾರೆ ನೋಡಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಸಣ್ಣ ನೆಗಡಿ ಇದ್ದರೆ ಅಡ್ಡಿಯಿಲ್ಲ. ಜೋರು ಜ್ವರ ಇದ್ದರೆ ಡಾಕ್ಟರನ್ನು ಕೇಳಿ.

ಒಂದು ಮಾತು ಬಾಕಿ. ಸೂಜಿಯಾಗಿ ಒಂದು ವಾರ, ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ಸಣ್ಣ ಜ್ವರ ಬರುತ್ತದೆ, ಮೈಮೇಲೆ ತೆಳುವಾಗಿ ಗಂಧೆಯೂ ಕಾಣಬಹುದು. ಅದು ಲಸಿಕೆ ಹಿಡಿಯುತ್ತಿರುವ ಗುರುತು, ಎರಡು ಮೂರು ದಿನಕ್ಕೆ ತಾನಾಗಿ ಹೋಗುತ್ತದೆ. ಮೊಮ್ಮಗನಿಗೆ ಹಾಗೇನಾದರೂ ಆದರೆ, "ನೋಡ್ರೀ ಸಂಪಾದಕರೇ, ಮತ್ತೆ ಗೊಬ್ಬರ ಎದ್ದಿತು" ಎಂದು ನನಗೆ ಇನ್ನೊಂದು ನಾಲ್ಕು ಪುಟ ಬರೆಯುವ ಮುಂಚೆ ಆ ಆಶಾ ಕಾರ್ಯಕರ್ತೆಯನ್ನು ಕರೆದು ತೋರಿಸಿ. ಮೂರು ಸಲ ಬಂದವರು ನಾಲ್ಕನೇ ಸಲವೂ ಬರುತ್ತಾರೆ.

— ಸಂಪಾದಕ