ಕಾಕಾ ಅವರ ಪಾಲಿಸಿಕ್ಸ್: ಸದ್ಯಕ್ಕೆ ಸ್ವಿಚ್ ಹಾಕಬೇಡಿ

ನಮಸ್ಕಾರ್ರೀ. ಗೋಕಾಕದ ನಿಮ್ಮ ಕಾಕಾ ಅವರು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ ಕೋರ್ಗ್ ಪಾಲಿಸಿಕ್ಸ್ ಸಿಂಥಸೈಜರ್ (ಕರೆಂಟಿನಿಂದ ಧ್ವನಿ ಹುಟ್ಟಿಸುವ ಕೀಬೋರ್ಡ್) ಹದಿನೈದು ವರ್ಷ ಅಟ್ಟದ ಮೇಲಿತ್ತು, ಈಗ ಕೆಲವು ಕೀ ಒತ್ತಿದರೆ ಸದ್ದಿಲ್ಲ, ಒಂದು ಸ್ವರ ಬೆರಳು ತೆಗೆದರೂ ನಿಲ್ಲುವುದಿಲ್ಲ, ಮೆಮೊರಿಯ ಧ್ವನಿಗಳೆಲ್ಲ ಕಲಸುಮೇಲೋಗರ ಅಂತ ಬರೆದಿದ್ದೀರಿ. ಒಳಗೆ ನೋಡಿದ ರಿಪೇರಿಯವರು ಸರ್ಕ್ಯೂಟ್ ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ ಅಂದರಂತೆ. ದಯವಿಟ್ಟು ಹಾಕಬೇಡಿ. ನನ್ನದೂ ಇದೇ ಮಷಿನ್, ಇದೇ ರೋಗ. ಈಗ ದಿನಾ ಬಾರಿಸುತ್ತೇನೆ.

ಇದು 1981ರ ಮಾಡೆಲ್. ಇದರಲ್ಲಿ 32 ಧ್ವನಿ ನೆನಪಿಡಲು ಕೆಎಲ್‌ಎಂ-367 ಅನ್ನುವ ಬೋರ್ಡಿಗೇ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸೆದಿದ್ದಾರೆ. ವಯಸ್ಸಾದ ಮೇಲೆ ಅದು ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಬೋರ್ಡಿನ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆಗಳನ್ನು, ಅಂದರೆ ಟ್ರ್ಯಾಕ್‌ಗಳನ್ನು ಹಸಿರು ಬಣ್ಣದ ಲೇಪದ ಅಡಿಯಲ್ಲೇ ತಿನ್ನುತ್ತಾ ಹೋಗುತ್ತದೆ. ಕೀಗಳನ್ನು ಓದುವ ಕೆಲಸವೂ ಇದೇ ಬೋರ್ಡಿನದು. ನಿಮಗೆ ಎರಡೂ ಕಡೆ ತೊಂದರೆ ಒಟ್ಟಿಗೆ ಬಂದದ್ದು ಅದಕ್ಕೇ. ಧ್ವನಿ ಹುಟ್ಟಿಸುವ ಬೋರ್ಡ್ ಬೇರೆ, ಅದು ಬಹುತೇಕ ಚೆನ್ನಾಗಿಯೇ ಇರುತ್ತದೆ. ಅದರಲ್ಲಿರುವ ಎಸ್‌ಎಸ್‌ಎಂ 2044 ಫಿಲ್ಟರ್ ಐಸಿಗಳ (ಧ್ವನಿಯ ನಾದ ತಿದ್ದುವ ಚಿಪ್‌ಗಳು) ಹಳೆಯ ಸ್ಟಾಕ್ ಈಗ ಸಿಗುವುದು ಕಷ್ಟ. "ಟೆಸ್ಟ್ ಮಾಡಿ ಕೊಡ್ತೀನಿ" ಅಂತ ಯಾರಾದರೂ ಕಿತ್ತುಕೊಂಡು ಹೋಗದ ಹಾಗೆ ನೋಡಿಕೊಳ್ಳಿ.

ಇವತ್ತೇ ಮಾಡಬೇಕಾದ್ದು ಇಷ್ಟು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬೋರ್ಡಿನ ಹತ್ತು-ಹದಿನೈದು ಫೋಟೋ ತೆಗೆಯಿರಿ. ಯಾವ ಕನೆಕ್ಟರ್ ಎಲ್ಲಿತ್ತು ಅಂತ ಪೇಪರ್ ಟೇಪಿನ ಮೇಲೆ ಬರೆದು ಅಂಟಿಸಿ. ಆಮೇಲೆ ಬ್ಯಾಟರಿಯ ಕಾಲು ಕತ್ತರಿಸಿ ಹೊರಗೆ ತೆಗೆಯಿರಿ. ಕೈಗವಸು, ಕನ್ನಡಕ ಇರಲಿ. ಆ ಬಿಳಿ ಪುಡಿಯನ್ನು ಬಾಯಿಂದ ಊದಬೇಡಿ, ಒಣ ಇದ್ದಾಗ ಉಜ್ಜಬೇಡಿ, ಕ್ಯಾಡ್ಮಿಯಂ ವಿಷ. ಐಸಿ ಮುಟ್ಟುವ ಮೊದಲು ನೆಲಕ್ಕೆ ಅರ್ಥ್ ಆಗಿರುವ ಲೋಹ ಒಮ್ಮೆ ಮುಟ್ಟಿಕೊಳ್ಳಿ.

ಇನ್ನು ತೊಳೆಯುವುದು. ಕೆಲವರು ಅಡುಗೆ ಸೋಡಾ ಹಾಕಿ ಅಂತಾರೆ. ಅದು ಗಾಡಿ ಬ್ಯಾಟರಿಯ ಆಸಿಡ್‌ಗೆ ಸರಿ, ಇಲ್ಲಿ ಸೋರಿರುವುದೇ ಕ್ಷಾರ, ಅದರ ಮೇಲೆ ಇನ್ನಷ್ಟು ಕ್ಷಾರ ಹಾಕಿ ಏನು ಮಾಡುವುದು? ಇದಕ್ಕೆ ಹುಳಿ ಬೇಕು. ಗೋಬಿ ಮಂಚೂರಿ ಗಾಡಿಯವರು ಹಾಕುವ ಬಿಳಿ ವಿನೆಗರ್ ಸಾಕು, ಅರ್ಧಕ್ಕರ್ಧ ನೀರು ಬೆರೆಸಿ ಹಳೆ ಟೂತ್‌ಬ್ರಷ್ಷಿನಿಂದ ಹಚ್ಚಿ. ಬಿಳಿ ಪುಡಿ ಇದ್ದಲ್ಲಿ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ಮತ್ತೆ ಮತ್ತೆ ಹಚ್ಚಿ. ಮನೆಯಲ್ಲಿ ಹಿತ್ತಾಳೆ ಕೊಡದ ಕಿಲುಬು ತೆಗೆಯಲು ಹುಣಸೆಹಣ್ಣು ಉಜ್ಜುತ್ತಾರಲ್ವಾ, ಅದೇ ಲೆಕ್ಕ. ಹಾಗಂತ ಹುಣಸೆಹಣ್ಣನ್ನೇ ತಂದು ಬೋರ್ಡಿಗೆ ಬಳಿಯಬೇಡಿ, ಅದರ ಅಂಟು ಐಸಿ ಕಾಲುಗಳ ಸಂದಿಯಲ್ಲೇ ಉಳಿದುಬಿಡುತ್ತದೆ.

ವಿನೆಗರ್ ಕೂಡ ಅಲ್ಲಿ ಉಳಿಯಬಾರದು. ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಮೂರು ಸಲ ತೊಳೆಯಿರಿ, ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಸಿಗುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಒಣಗಿಸುವಾಗ ಅವಸರ ಬೇಡ. ನಾನು ತೊಳೆದದ್ದು ಬೆಳಗಾವಿಯ ಜುಲೈ ಮಳೆಯಲ್ಲಿ. ಹಗ್ಗದ ಮೇಲಿನ ಬನಿಯನ್ನೇ ಮೂರು ದಿನವಾದರೂ ಒಣಗಿರಲಿಲ್ಲ, ನಾನು ಮಾತ್ರ ಒಂದು ರಾತ್ರಿ ಫ್ಯಾನ್ ಕೆಳಗಿಟ್ಟು ಬೆಳಿಗ್ಗೆ ಸ್ವಿಚ್ ಹಾಕಿದೆ. ಐಸಿ ಕೂರುವ ಸಾಕೆಟ್ ಅಡಿಯಲ್ಲಿ ನೀರಿತ್ತು. ಒಂದು ಐಸಿ ಹೋಯಿತು. ಆಮೇಲೆ 60 ವ್ಯಾಟ್ ಬಲ್ಬಿನಿಂದ ಒಂದಡಿ ದೂರ ಎರಡು ದಿನ ಇಟ್ಟೆ.

ನಿಜವಾದ ಕೆಲಸ ಇಲ್ಲಿಂದ ಶುರು. ತೊಳೆದ ಬೋರ್ಡ್ ನೋಡಲು ಚೆಂದ ಕಾಣುತ್ತದೆ, ನಂಬಬೇಡಿ. ಟ್ರ್ಯಾಕ್ ಕಪ್ಪಾಗಿರುವ ಕಡೆ, ಮೇಲಿನ ಲೇಪ ಉಬ್ಬಿರುವ ಕಡೆ ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆಯಿರಿ, ಜಾಗವನ್ನು ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿಕೊಂಡೇ. ಒಳಗೆ ಹೊಳೆಯುವ ತಾಮ್ರ ಕಂಡರೆ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಅಂಟು) ಹಚ್ಚಿ ತೆಳ್ಳಗೆ ಬೆಸುಗೆ ಬಳಿದುಬಿಡಿ. ಕಪ್ಪು ತಾಮ್ರಕ್ಕೆ ಬೆಸುಗೆ ಅಂಟುವುದಿಲ್ಲ, ಗುಂಡಗಾಗಿ ಉರುಳುತ್ತದೆ. ಹಾಗಾದರೆ ಇನ್ನೂ ಕೆರೆಯಬೇಕು ಅಂತ ಅರ್ಥ. ಕೆರೆದಾಗ ತಾಮ್ರವೇ ಪುಡಿಯಾಗಿ ಬಂದರೆ ಆ ಟ್ರ್ಯಾಕ್ ಮುಗಿಯಿತು, ತಂತಿ ಹಾಕಬೇಕು. ಫ್ಯಾನ್ ರಿವೈಂಡಿಂಗ್ ಅಂಗಡಿಯಲ್ಲಿ ತೆಳು ವೈಂಡಿಂಗ್ ತಂತಿಯ ತುಂಡು ಕೇಳಿ, ನನಗೆ ದುಡ್ಡೂ ತಗೊಳ್ಳಲಿಲ್ಲ. ಅದರ ಮೇಲೆ ವಾರ್ನಿಷ್ ಇರುತ್ತದೆ, ಎರಡೂ ತುದಿ ಕೆರೆದು ಬೆಸುಗೆ ಹಿಡಿಸಿಕೊಂಡೇ ಹಾಕಿ.

ಸರ್ವಿಸ್ ಮ್ಯಾನ್ಯುಯಲ್ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದರ ಸರ್ಕ್ಯೂಟ್ ಪ್ರಿಂಟ್ ತೆಗೆಸಿ, ಬ್ಯಾಟರಿಯ ಸುತ್ತಲಿನ ಒಂದೊಂದು ಟ್ರ್ಯಾಕನ್ನೂ ಮಲ್ಟಿಮೀಟರಿನ ಬೀಪ್ ಇಟ್ಟು ಪರೀಕ್ಷಿಸಿ, ಟ್ರ್ಯಾಕ್ ಕಡಿದಿಲ್ಲದಿದ್ದರೆ ಬೀಪ್ ಬರುತ್ತದೆ. ಬೀಪ್ ಬಂದದ್ದಕ್ಕೆ ಪೆನ್ಸಿಲ್ ಗೀಟು ಹಾಕುತ್ತಾ ಹೋಗಿ. ಸುಮ್ನೆ ಅಲ್ಲಿ ಇಲ್ಲಿ ಮುಟ್ಟಿ ನೋಡಿದರೆ ಆಗುವುದಿಲ್ಲ. ನನ್ನದರಲ್ಲಿ ಒಂದೇ ಅಂತರ ಬಿಟ್ಟು ಒಂದೊಂದು ಕೀ ಸತ್ತಿತ್ತು. ಹೀಗಿದ್ದರೆ ಕೀಗಳನ್ನು ಬೈಯಬೇಡಿ, ಅವನ್ನೆಲ್ಲ ಓದುವ ಒಂದು ಲೈನ್ ಎಲ್ಲೋ ಕಡಿದಿದೆ. ನಾನು ಆ ಲೈನಿನ ಹಿಂದೆ ಹನ್ನೊಂದು ಸಂಜೆ ಕೂತೆ. ಮೇಲಿಂದ ಎಲ್ಲ ಸರಿ. ಕಡೆಗೆ ಸಾಕೆಟ್ಟನ್ನೇ ಕಿತ್ತೆ. ಅದರ ಅಡಿಯಲ್ಲಿ, ಕೂದಲೆಳೆಯಷ್ಟು ಜಾಗದಲ್ಲಿ, ಟ್ರ್ಯಾಕ್ ಇದ್ದ ಗುರುತು ಮಾತ್ರ ಹಸಿರಾಗಿ ಉಳಿದಿತ್ತು. ಆದ್ದರಿಂದ ಬ್ಯಾಟರಿ ಹತ್ತಿರದ ಸಾಕೆಟ್‌ಗಳನ್ನು ಮೊದಲೇ ಬದಲಿಸಿಬಿಡಿ, ಹತ್ತಿಪ್ಪತ್ತು ರೂಪಾಯಿಯ ಮಾತು. ಕನೆಕ್ಟರಿನ ವೈರ್‌ಗಳನ್ನೂ ಸ್ವಲ್ಪ ಸುಲಿದು ನೋಡಿ. ಕ್ಷಾರ ವೈರಿನೊಳಗೂ ಹತ್ತುತ್ತದೆ, ಒಳಗಿನ ತಂತಿ ಕಪ್ಪಾಗಿದ್ದರೆ ಬದಲಿಸಿ.

ಹೊಸ ಬ್ಯಾಟರಿ ಹಳೆ ಜಾಗದಲ್ಲಿ ಬೇಡ. ನಾಣ್ಯದ ಆಕಾರದ ಸಿಆರ್ 2032 ಸೆಲ್ಲನ್ನು ಹೋಲ್ಡರಿಗೆ ಹಾಕಿ, ಎರಡು ವೈರ್ ಎಳೆದು, ಬೋರ್ಡಿನಿಂದ ದೂರ ಅಂಟಿಸಿ. ಆದರೆ ಒಂದು ಮಾತು. ಹಳೆ ಬ್ಯಾಟರಿಯನ್ನು ಮಷಿನ್ನೇ ಚಾರ್ಜ್ ಮಾಡುತ್ತಿತ್ತು. ಸಿಆರ್ 2032 ಚಾರ್ಜ್ ಮಾಡುವ ಸೆಲ್ ಅಲ್ಲ, ಕರೆಂಟ್ ನುಗ್ಗಿದರೆ ಒಡೆಯಬಹುದು. ಅದಕ್ಕೆ ಸೆಲ್ಲಿನ ಪ್ಲಸ್ ವೈರಿನಲ್ಲಿ 1ಎನ್ 4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಗೆರೆ ಇರುವ ತುದಿ ಬೋರ್ಡ್ ಕಡೆಗೆ. ಸೆಲ್ ಹಾಕುವ ಮೊದಲು ಖಾಲಿ ಹೋಲ್ಡರಿನ ಪ್ಲಸ್-ಮೈನಸ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಇಟ್ಟು, ಮಷಿನ್ ಆನ್ ಮಾಡಿ, ಅದರ ಮೇಲೆ ವೋಲ್ಟೇಜ್ ಅಳೆಯಿರಿ. ಸೊನ್ನೆ ಬಂದರೆ ಸರಿ. ಬೇರೇನಾದರೂ ಬಂದರೆ ಡಯೋಡ್ ತಿರುಗುಮುರುಗಾಗಿದೆ.

ಹಾಂ, ಆನ್ ಮಾಡುವ ಮೊದಲು ಹಿಂಬದಿಯ ಚೀಟಿ ನೋಡಿ. ಜಪಾನಿನಲ್ಲಿ ಮಾರಿದ್ದಾದರೆ 100 ವೋಲ್ಟ್, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಕರೆಂಟಿಗೆ ಹಾಕುವಂತಿಲ್ಲ. ಮೊದಲ ಸಲ ಸೀರೀಸ್ ಬಲ್ಬ್ ಮೂಲಕವೇ, ಅಂದರೆ ಕರೆಂಟಿನ ಒಂದು ವೈರಿನ ನಡುವೆ ಬಲ್ಬ್ ಸೇರಿಸಿಯೇ ಕೊಡಿ. ಬಲ್ಬ್ ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ.

ಕಾಕಾ ಅವರು ಮಾಡಿಟ್ಟ ಧ್ವನಿಗಳು ಹೋಗಿವೆ ಅಂತಲೇ ಅಂದುಕೊಳ್ಳಿ, ಬೇಜಾರಿನ ವಿಷಯ. ಅವರು ಯಾವಾಗಲಾದರೂ ಕ್ಯಾಸೆಟ್‌ಗೆ ತುಂಬಿಟ್ಟಿದ್ದರೆ ಸಿಗಬಹುದು, ಇದರಲ್ಲಿ ಟೇಪ್‌ಗೆ ಉಳಿಸುವ ಸೌಲಭ್ಯ ಇದೆ. ಹಳೆ ಕ್ಯಾಸೆಟ್ ಡಬ್ಬಿ ಹುಡುಕಿ. ಜಿರ್‍ರ್ ಅನ್ನುವ ಕರ್ಕಶ ಸದ್ದು ಮಾತ್ರ ಇರುವ ಕ್ಯಾಸೆಟ್ ಸಿಕ್ಕರೆ ಎಸೆಯಬೇಡಿ, ಅದೇ ಇರಬಹುದು.

ಕಿತ್ತ ಬ್ಯಾಟರಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಮಕ್ಕಳ ಕೈಗೆ ಸಿಗದ ಕಡೆ ಇಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟರಾಯಿತು. ಆಮೇಲೆ ಬೋರ್ಡಿನ ಎರಡೂ ಬದಿಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ, ಎಲ್ಲಿಂದ ಶುರು ಮಾಡಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ. ಕೈಯಲ್ಲಿ ಆಗಲಿಲ್ಲ ಅಂದರೆ ಒಂದು ಭಾನುವಾರ ಬೆಳಗಾವಿಗೇ ತನ್ನಿ. ಕೌದಿಯಲ್ಲಿ ಸುತ್ತಿ ಬಸ್ಸಿನ ಸೀಟಿನ ಮೇಲೆ ಇಟ್ಟುಕೊಳ್ಳಿ, ಡಿಕ್ಕಿಗೆ ಮಾತ್ರ ಹಾಕಬೇಡಿ.